ಏಪ್ರಿಲ್‌ನಲ್ಲಿ ಶಿರಕಾವಾ-ಗೋ: ಒಂದು ದಿನ ಸಾಕೇ?

ಹೊಸನಗರದ ಸೊಸೆ:
ನಮ್ಮ ಯಜಮಾನರು ಜಪಾನಿನ ನಗೋಯಾದಲ್ಲಿ ಕೆಲಸದಲ್ಲಿದ್ದಾರೆ. ಏಪ್ರಿಲ್‌ನಲ್ಲಿ ಅತ್ತೆ, ಮಾವನನ್ನು ಕರೆದುಕೊಂಡು ಹೊರಟಿದ್ದೇನೆ. ಟೋಕಿಯೋ ಎಂದರೆ ಮಾವ ಮುಖ ತಿರುಗಿಸುತ್ತಾರೆ. "ಅಲ್ಲಿಯೂ ಹಳ್ಳಿ ಇರಬೇಕಲ್ಲ, ಅದನ್ನು ತೋರಿಸು" ಎನ್ನುತ್ತಾರೆ. ಶಿರಕಾವಾ-ಗೋ ಎಂಬ ಹುಲ್ಲುಮಾಡಿನ ಊರಿನ ಚಿತ್ರ ನೋಡಿದೆ. ಬೆಳಿಗ್ಗೆ ಹೋಗಿ ಸಂಜೆ ಹಿಂದಿರುಗಬಹುದೇ? ಚೆರ್ರಿ ಹೂವು ಸಿಗುತ್ತದೆಯೇ? ಅತ್ತೆಗೆ ಮಂಡಿನೋವು, ಮೀನಿನ ವಾಸನೆಯಂತೂ ಆಗದು.

ತುಂಗಾತೀರ:
ಆಗುತ್ತದೆ. ನಗೋಯಾದಿಂದ ನೇರ ಬಸ್ಸಿದೆ, ಸುಮಾರು ಮೂರು ಗಂಟೆ. ಹಿಂದಿನ ರಾತ್ರಿ ತಕಯಾಮಾದಲ್ಲಿ ಉಳಿದರೆ ಅಲ್ಲಿಂದ ಐವತ್ತು ನಿಮಿಷ, ವಯಸ್ಸಾದವರಿಗೆ ಅದೇ ಹಿತ. ಏಪ್ರಿಲ್ 29ರಿಂದ ಮೇ 5ರವರೆಗೆ ಅಲ್ಲಿನವರಿಗೆ ರಜೆಗಳ ಸಾಲು. ಆ ವಾರ ಮಾತ್ರ ಬೇಡ.

ಸೋಗೆಮನೆ, ಸಾಗರ:
ಸೊಸೆಯವರೇ, ಮಗಳ ಬಾಣಂತನಕ್ಕೆಂದು ಹೋಗಿದ್ದಾಗ ನಾವಿಬ್ಬರೂ ಏಪ್ರಿಲ್ ಮೂರನೆಯ ವಾರ ಆ ಊರಿಗೆ ಹೋಗಿದ್ದೆವು. ಹೂವೇ ಮುಖ್ಯವಾದರೆ ಬೇರೆ ಊರು ನೋಡಿ. ಟೋಕಿಯೋದಲ್ಲಿ ಹೂವು ಉದುರಿ ಎಷ್ಟೋ ದಿನವಾದ ಮೇಲೆ, ತಿಂಗಳ ಕೊನೆಗೆ ಅಲ್ಲಿ ಅರಳುತ್ತದೆ. ನಾವು ಕಂಡದ್ದು ಮೊಗ್ಗು, ಬೋಳು ಗದ್ದೆ, ಬದುವಿನಲ್ಲಿ ಕೊಳೆ ಹಿಡಿದು ಕೂತಿದ್ದ ಹಿಮದ ಗುಪ್ಪೆ. "ಇದಕ್ಕೆ ಇಷ್ಟು ದೂರ ಬರಬೇಕಿತ್ತೇ?" ಎಂದಳು ನಮ್ಮ ಮನೆಯವಳು.

ಬಂದವರಿಗೆ ನೋಡಲು ತೆರೆದಿಟ್ಟಿರುವ ಕಾಂದಾ ಮನೆತನದ ಹಳೆಯ ಮನೆಯೊಳಗೆ ಕಾಲಿಟ್ಟಾಗ ಅವಳ ಮಾತು ನಿಂತಿತು. ಹೊಗೆಯ ವಾಸನೆ! ನಮ್ಮ ಹಳೆಯ ಅಡುಗೆಮನೆಯ ಅಟ್ಟದ್ದೇ ವಾಸನೆ. ನಡುಮನೆಯ ನೆಲದಲ್ಲೇ ಚೌಕಾಕಾರದ ಒಲೆ, ಅದಕ್ಕೆ ಇರೋರಿ ಎನ್ನುತ್ತಾರೆ. ಅದರ ಹೊಗೆ ಅಟ್ಟಗಳನ್ನು ಹಾದು ಮಾಡಿಗೇರುತ್ತದೆ, ಹುಲ್ಲು ಒಣಗಿರುತ್ತದೆ, ಹುಳ ಹಿಡಿಯುವುದಿಲ್ಲ. ಅಟ್ಟದಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದರಂತೆ. ಮಾಡಿನ ಮರಗಳಿಗೆ ಒಂದು ಮೊಳೆಯೂ ಇಲ್ಲ. ಹುಲ್ಲಿನ ಹಗ್ಗ, ಇಲ್ಲವೇ ಹಸಿಯಾಗಿದ್ದಾಗ ಹೊಸೆದು ಸುತ್ತಿದ ಎಳೆಯ ಮರದ ಕೋಲು. ಒಣಗಿದಂತೆ ಅದು ಬಿಗಿಯುತ್ತದೆ. ಕೈಗೆಟುಕಿದ ಒಂದು ಗಂಟನ್ನು ಮುಟ್ಟಿ ನೋಡಿದೆ. ಇಲ್ಲಣ ಹಿಡಿದು ಕಬ್ಬಿಣದಷ್ಟು ಗಟ್ಟಿ. ಬೆರಳು ಕಪ್ಪಾಯಿತು, ಪಂಚೆ ಉಟ್ಟಿದ್ದರೆ ಒರೆಸಿಕೊಳ್ಳುತ್ತಿದ್ದೆ.

ಹಿಮ ಜಾರಲೆಂದು ಮಾಡು ಸುಮಾರು 60 ಡಿಗ್ರಿ ಇಳಿಜಾರು. ನೋಡಲು ಕೈ ಮುಗಿದ ಹಾಗಿರುವುದರಿಂದ ಅದಕ್ಕೆ ಗಾಸ್ಶೋ ಎಂದು ಹೆಸರು. ಒಮ್ಮೆ ಹೊದಿಸಿದರೆ 30–40 ವರ್ಷ ಬಾಳಿಕೆ. ಹೊದಿಸುವಾಗ ಊರಿಗೆ ಊರೇ ಸೇರುತ್ತದೆ, ಅದನ್ನು ಯುಯಿ ಎನ್ನುತ್ತಾರೆ. ನಮ್ಮ ಮುಯ್ಯಾಳು, ಬೇರೇನಲ್ಲ! ಹಂಚು ಬರುವವರೆಗೆ ನಮ್ಮ ಮನೆಗೂ ಅಡಿಕೆ ಸೋಗೆಯೇ, ಆದರೆ ಪ್ರತಿ ವರ್ಷ ಮಳೆಗೆ ಮೊದಲು ಹೊದಿಸಬೇಕಿತ್ತು. ನಮ್ಮ ಅಪ್ಪನಿಗೆ ಈ ಮೂವತ್ತು ವರ್ಷದ ಲೆಕ್ಕ ಹೇಳಿದ್ದರೆ ನಂಬುತ್ತಿರಲಿಲ್ಲ.

ಮಂಡಿನೋವಿಗೆ: ಊರು ಸಮತಟ್ಟು. ಮೇಲಿನಿಂದ ನೋಡುವ ಗುಡ್ಡಕ್ಕೆ ಚಿಕ್ಕ ಬಸ್ಸಿದೆ. ಅಟ್ಟದ ಮೆಟ್ಟಿಲು ಮಾತ್ರ ಕಡಿದು, ಅತ್ತೆಯವರನ್ನು ಒಲೆಯ ಬಳಿ ಕೂರಿಸಿ. ಚಪ್ಪಲಿ ಕಳಚುವುದು ನಮಗೇನು ಹೊಸದೇ? ಆದರೆ ಲೇಸ್ ಇಲ್ಲದ ಶೂ ಹಾಕಿಕೊಳ್ಳಿ.

ಊಟದ ವಿಷಯದಲ್ಲಿ ಯಾರ ಮಾತನ್ನೂ ನಂಬಬೇಡಿ. ತರಕಾರಿ ಸೋಬಾ (ಅಲ್ಲಿನ ಶ್ಯಾವಿಗೆ) ಎಂದರೂ ಸಾರು ಮೀನಿನದ್ದಾಗಿರುತ್ತದೆ. ಚಪಾತಿ, ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಳ್ಳಿ. ಕಸದ ಬುಟ್ಟಿ ಹುಡುಕಬೇಡಿ, ನಿಮ್ಮ ಕಸ ನಿಮ್ಮ ಚೀಲದಲ್ಲೇ ಹಿಂದಿರುಗಬೇಕು.

ಹಿಂದಿರುಗುವ ಬಸ್ಸಿಗೂ ಮೊದಲೇ ಸೀಟು ಕಾದಿರಿಸಿ. ನಾನು "ಯಾವುದಾದರೂ ಸಿಗುತ್ತದೆ" ಎಂದು ಸಾಗರ ಬಸ್ ನಿಲ್ದಾಣದ ಧೈರ್ಯದಲ್ಲಿದ್ದೆ. ಎರಡು ಬಸ್ಸುಗಳು ತುಂಬಿಕೊಂಡು ಹೋದವು. ತುಂತುರು ಮಳೆ, ಸ್ವೆಟರ್ ಮಗಳ ಮನೆಯಲ್ಲಿ. ಮನೆಯವಳು ಇಂದಿಗೂ ಬಿಟ್ಟಿಲ್ಲ.

ಕೊಡಚಾದ್ರಿ ನೆಂಟ:
ಜನಜಂಗುಳಿ ನಿಮಗೆ ಹಿಡಿಸದಿದ್ದರೆ ಪಕ್ಕದ ಗೊಕಯಾಮಾ ನೋಡಿ. 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಎರಡೂ ಒಟ್ಟಿಗೇ ಸೇರಿದವು. ಅಲ್ಲಿನ ಸುಗಾನುಮಾದಲ್ಲಿ ಇರುವುದು ಬೆರಳೆಣಿಕೆಯ ಮನೆಗಳು. ನನಗೆ ಅದೇ ಹೆಚ್ಚು ಹಿಡಿಸಿತು.

ಹೊಸನಗರದ ಸೊಸೆ:
ತಕಯಾಮಾದಲ್ಲಿ ಉಳಿಯುವುದೆಂದು ತೀರ್ಮಾನಿಸಿದೆವು, ಎರಡೂ ಕಡೆಯ ಬಸ್ಸಿಗೆ ಸೀಟು ಹಿಡಿಯುತ್ತೇನೆ. ಎಲ್ಲವನ್ನೂ ಮಾವನಿಗೆ ಓದಿ ಹೇಳಿದೆ. ಹೂವಿನ ಸುದ್ದಿಯನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. "ಆ ಗಂಟು ಹಾಕುವುದು ಹೇಗಂತೆ, ಕೇಳು" ಎನ್ನುತ್ತಿದ್ದಾರೆ.