ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ: ಎರ್ನಾಕುಳಂನ ಕೇರಳ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸುವ ಕುರಿತು

ಪ್ರಶ್ನೆ: ಪೆರ್ಲದ ಕೃಷಿಕ

ಮಾನ್ಯರೇ,

ನನ್ನ ಸೋದರಮಾವನ ಮಗನಿಗೆ ಕಾಸರಗೋಡಿನ ಸೆಷನ್ಸ್ ನ್ಯಾಯಾಲಯವು ಭಾರತೀಯ ದಂಡ ಸಂಹಿತೆಯ 302ನೇ ಕಲಮಿನ ಪ್ರಕಾರ ಜೀವಾವಧಿ ಶಿಕ್ಷೆ ವಿಧಿಸಿ ಒಂದು ತಿಂಗಳು ದಾಟಿದೆ. ಎರಡು ಮನೆಯವರಿಗೆ ಸೇರಿದ ಸುರಂಗದ (ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿಯ) ನೀರನ್ನು ಬೇಸಗೆಯಲ್ಲಿ ಯಾರ ತೋಟಕ್ಕೆ ಎಷ್ಟು ಹೊತ್ತು ಬಿಡಬೇಕೆಂಬ ತಕರಾರು ಹಳೆಯದು. ಅವನು ತೋಟದ ಕಣಿ (ನೀರು ಹರಿಯುವ ಕಾಲುವೆ) ಬಿಡಿಸುತ್ತಿದ್ದಾಗ ಮಾತಿಗೆ ಮಾತು ಬೆಳೆದು, ಕೈಯಲ್ಲಿದ್ದ ಗುದ್ದಲಿಯಿಂದ ನೆರೆಮನೆಯವರ ತಲೆಗೆ ಒಂದು ಏಟು ಹೊಡೆದನೆಂಬುದು ಪ್ರಾಸಿಕ್ಯೂಷನ್ನಿನ ವಾದ. ಗಾಯಾಳು ಕೆಲವು ದಿನಗಳ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡರು.

ಜಗಳವನ್ನು ಮೊದಲಿನಿಂದ ಕೊನೆಯವರೆಗೆ ಕಂಡ ವೃದ್ಧೆಯೊಬ್ಬರನ್ನು ಎರಡೂ ಕಡೆಯವರು ಸಾಕ್ಷಿಗೆ ಕರೆಯಲಿಲ್ಲ. ಅವರನ್ನು ಈಗ ಹೈಕೋರ್ಟಿಗೆ ಕರೆದೊಯ್ಯಬಹುದೇ? ಮೇಲ್ಮನವಿ ಹಾಕಿದರೆ ಶಿಕ್ಷೆ ಇನ್ನೂ ಹೆಚ್ಚಾಗುತ್ತದೆಂದು ಯಾರೋ ಹೇಳಿದ ಮಾತಿಗೆ ನಮ್ಮ ಅತ್ತೆ ಹೆದರಿದ್ದಾರೆ. ತೀರ್ಪು ಇಂಗ್ಲಿಷಿನಲ್ಲಿದೆ, ಸಾಕ್ಷಿ ಹೇಳಿಕೆಗಳು ಮಲಯಾಳದಲ್ಲಿವೆ. ಅತ್ತೆ ಓದಬಲ್ಲದ್ದು ಕನ್ನಡ ಮಾತ್ರ. ತಿಳಿದವರು ದಯವಿಟ್ಟು ಉತ್ತರಿಸಬೇಕು.

ಉತ್ತರ: ವಕೀಲ, ವಿದ್ಯಾನಗರ

ಮೊದಲು ಅವಧಿಯ ವಿಷಯ. ಕಾಲಪರಿಮಿತಿ ಕಾನೂನಿನ 115ನೇ ಅನುಚ್ಛೇದದಂತೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 60 ದಿನಗಳಿವೆ. ಮರಣದಂಡನೆಯಾಗಿದ್ದರೆ 30 ದಿನ. ತೀರ್ಪಿನ ದೃಢೀಕೃತ ಪ್ರತಿ ಪಡೆಯಲು ತಗಲಿದ ಸಮಯವನ್ನು ಈ ದಿನಗಳ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಡವಾದರೆ ಕಾರಣ ತೋರಿಸಿ ಮನ್ನಾ ಕೇಳಬಹುದು, ಆದರೆ ಅದನ್ನು ನೆಚ್ಚಿಕೊಂಡು ಕೂರಬೇಡಿ.

ಅತ್ತೆಯವರ ಹೆದರಿಕೆಗೆ ಆಧಾರವಿಲ್ಲ. ಅಪರಾಧಿಯು ತಾನೇ ಸಲ್ಲಿಸಿದ ಮೇಲ್ಮನವಿಯಲ್ಲಿ ಅವನ ಶಿಕ್ಷೆಯನ್ನು ಹೆಚ್ಚಿಸುವಂತಿಲ್ಲ. ಶಿಕ್ಷೆ ಸಾಲದೆಂದು ಕಂಡರೆ ಸರಕಾರವು ಬೇರೆಯೇ ಮೇಲ್ಮನವಿ ತರಬೇಕಾಗುತ್ತದೆ.

ವೃದ್ಧೆಯ ವಿಷಯದಲ್ಲಿ ಮಾತ್ರ ನಿಮಗೆ ನಿರಾಶೆಯಾಗಬಹುದು. ಮೇಲ್ಮನವಿಯೆಂದರೆ ಮರುವಿಚಾರಣೆಯಲ್ಲ. ಹೆಚ್ಚಿನ ಸಾಕ್ಷ್ಯ ಪಡೆಯುವ ಅಧಿಕಾರ ಹೈಕೋರ್ಟಿಗೆ ಇದೆ; ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 391ನೇ ಕಲಮಾಗಿತ್ತು, ಅದರ ಬದಲಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 432. ಆದರೆ ವಿಚಾರಣೆಯ ಕಾಲದಲ್ಲೇ ಕರೆಯಬಹುದಾಗಿದ್ದ ಸಾಕ್ಷಿಯನ್ನು ಆಗ ಬಿಟ್ಟು ಈಗ ತಂದರೆ, ವಾದದಲ್ಲಿನ ತೂತು ಮುಚ್ಚುವ ಯತ್ನವೆಂದೇ ನ್ಯಾಯಪೀಠ ನೋಡುತ್ತದೆ. ಅದಕ್ಕಿಂತ ನಿಮ್ಮ ಶ್ರಮ ಈಗಾಗಲೇ ಕಡತದಲ್ಲಿರುವ ಸಾಕ್ಷ್ಯದ ಮೇಲೆ ಬೀಳಬೇಕು. ಇಬ್ಬರು ನ್ಯಾಯಮೂರ್ತಿಗಳ ಪೀಠವು ಕಾನೂನಿನ ಪ್ರಶ್ನೆಗಳನ್ನಷ್ಟೇ ಅಲ್ಲ, ಪ್ರತಿಯೊಬ್ಬ ಸಾಕ್ಷಿಯ ಮುಖ್ಯ ವಿಚಾರಣೆಯನ್ನೂ ಪಾಟೀಸವಾಲನ್ನೂ ಮೊದಲಿನಿಂದ ತೂಗಿನೋಡಬೇಕಾಗುತ್ತದೆ.

ತೀರ್ಪಿನ ಕೊನೆಯಲ್ಲಿರುವ ಅನುಬಂಧವನ್ನು ತೆರೆದು ನೋಡಿ. ಪಿ.ಡಬ್ಲ್ಯೂ. 1, 2 ಎಂದು ಪ್ರಾಸಿಕ್ಯೂಷನ್ ಸಾಕ್ಷಿಗಳು, ಪಿ1, ಪಿ2 ಎಂದು ಅವರ ದಾಖಲೆಗಳು, ಎಂ.ಒ. 1 ಎಂದು ವಶಪಡಿಸಿದ ವಸ್ತುಗಳು (ನಿಮ್ಮ ಪ್ರಕರಣದಲ್ಲಿ ಗುದ್ದಲಿ ಅಲ್ಲಿರುತ್ತದೆ) ಸಾಲಾಗಿ ಸಿಗುತ್ತವೆ. ಅಲ್ಲೇ ಡಿ1, ಡಿ2 ಎಂಬ, ಆರೋಪಿಯ ಪರವಾದ ದಾಖಲೆಗಳ ಗುರುತುಗಳಿವೆಯೇ ನೋಡಿ. ಸಾಕ್ಷಿಯೊಬ್ಬ ಪೊಲೀಸರಿಗೆ ಒಂದು ಹೇಳಿ ಕಟಕಟೆಯಲ್ಲಿ ಇನ್ನೊಂದು ಹೇಳಿದ್ದರೆ, ಪೊಲೀಸ್ ಹೇಳಿಕೆಯ ಆ ಭಾಗವನ್ನು ಅವನಿಗೆ ತೋರಿಸಿ ಕೇಳಿ, ಬಳಿಕ ತನಿಖಾಧಿಕಾರಿಯ ಬಾಯಿಂದ ಅದನ್ನು ರುಜುವಾತುಪಡಿಸಿದಾಗ ಮಾತ್ರ ಆ ಗುರುತಿಗೆ ಬೆಲೆ ಬರುತ್ತದೆ. ಹೀಗೆ ರುಜುವಾತಾಗದ ವ್ಯತ್ಯಾಸ ಊರಿಗೆಲ್ಲ ತಿಳಿದಿದ್ದರೂ ಹೈಕೋರ್ಟಿನಲ್ಲಿ ಉಪಯೋಗಕ್ಕೆ ಬಾರದು.

ಉತ್ತರ: ಕಾನೂನು ಉಪನ್ಯಾಸಕಿ, ಮಂಜೇಶ್ವರ

ವಕೀಲರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಪೂರ್ಣ ಬಿಡುಗಡೆಯೊಂದನ್ನೇ ಗುರಿಯಾಗಿಟ್ಟುಕೊಳ್ಳುವುದು ಈ ಪ್ರಕರಣದಲ್ಲಿ ಜಾಣತನವಲ್ಲ. ಪ್ರತ್ಯಕ್ಷ ಸಾಕ್ಷಿಗಳನ್ನು ಕೆಳಗಿನ ನ್ಯಾಯಾಲಯ ನಂಬಿದೆಯೆಂದಾದರೆ, 302ನ್ನು (ಕೊಲೆ) 304ಕ್ಕೆ (ಕೊಲೆಯೆನಿಸದ ನರಹತ್ಯೆ) ಇಳಿಸಬೇಕೆಂಬ ಪರ್ಯಾಯ ವಾದವನ್ನೂ ಮೇಲ್ಮನವಿಯ ಆಧಾರಗಳಲ್ಲಿ ಸ್ಪಷ್ಟವಾಗಿ ಬರೆಸಬೇಕು. 304ರ ಎರಡನೆಯ ಭಾಗಕ್ಕೆ (ಸಾಯಿಸುವ ಉದ್ದೇಶವಿಲ್ಲದೆ, ಸಾವಾಗಬಹುದೆಂಬ ಅರಿವಷ್ಟೇ ಇದ್ದದ್ದು) ಬಂದರೆ ಗರಿಷ್ಠ ಶಿಕ್ಷೆ 10 ವರ್ಷ.

ಒಂದೇ ಏಟಾದರೆ ಅದು ಕೊಲೆಯಲ್ಲ ಎಂಬ ಮಾತು ನಮ್ಮ ಕಡೆ ಬಸ್‌ಸ್ಟ್ಯಾಂಡಿನಲ್ಲೂ ಕೇಳಿಬರುತ್ತದೆ, ಅದು ತಪ್ಪು. 1958ರ ವಿರ್ಸಾ ಸಿಂಗ್ ಪ್ರಕರಣದಲ್ಲಿ ಇದ್ದದ್ದು ಹೊಟ್ಟೆಗೆ ಬಿದ್ದ ಒಂದೇ ಭರ್ಜಿಯ ತಿವಿತ, ಆದರೂ ಸುಪ್ರೀಂ ಕೋರ್ಟ್ ಅದನ್ನು ಕೊಲೆಯೆಂದೇ ಎತ್ತಿಹಿಡಿಯಿತು. ಆ ಗಾಯವನ್ನು ಮಾಡಲು ಉದ್ದೇಶವಿತ್ತೇ, ಸಹಜ ಗತಿಯಲ್ಲಿ ಸಾವು ತರಲು ಆ ಗಾಯ ಸಾಕೇ ಎಂಬುದು ಅಲ್ಲಿನ ಪರೀಕ್ಷೆ. ಹೀಗಾಗಿ ಏಟಿನ ಎಣಿಕೆಗಿಂತ ಸುತ್ತಲಿನ ಸಂಗತಿಗಳಿಗೆ ಬೆಲೆ ಹೆಚ್ಚು: ಆಯುಧವನ್ನು ಮನೆಯಿಂದ ತಂದದ್ದೇ ಅಥವಾ ಕೆಲಸ ಮಾಡುತ್ತಿದ್ದಾಗ ಕೈಯಲ್ಲೇ ಇದ್ದದ್ದೇ, ಗುದ್ದಲಿಯ ಅಲಗು ತಗಲಿತೇ ಹಿಡಿಯೇ, ಎಷ್ಟು ಬಲದಿಂದ, ಬಿದ್ದ ಮೇಲೆ ಮತ್ತೆ ಹೊಡೆಯಲು ಹೋದನೇ. ಕೊಲೆ ಯಾವುದು, ಯಾವುದಲ್ಲ ಎಂದು ಹೇಳುವ 300ನೇ ಕಲಮಿನ ನಾಲ್ಕನೆಯ ಅಪವಾದಕ್ಕೆ ಪೂರ್ವಯೋಜನೆಯಿಲ್ಲದ ದಿಢೀರ್ ಹೊಡೆದಾಟ ಬೇಕು, ಆರೋಪಿಯು ಅನುಚಿತ ಲಾಭ ಪಡೆದಿರಬಾರದು, ಕ್ರೂರವಾಗಿ ವರ್ತಿಸಿರಬಾರದು. ಕಣಿ ಬಿಡಿಸುತ್ತಿದ್ದವನ ಕೈಯ ಗುದ್ದಲಿ ನಿಮಗೆ ಅನುಕೂಲ. ಹಳೆಯ ತಕರಾರು ಅಷ್ಟೇ ಪ್ರತಿಕೂಲ, ಏಕೆಂದರೆ ಅದನ್ನೇ ದ್ವೇಷದ ಆಧಾರವೆಂದು ಸರಕಾರಿ ವಕೀಲರು ಎತ್ತುತ್ತಾರೆ. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರ ಪಾಟೀಸವಾಲನ್ನು ಎರಡು ಸಲ ಓದಿಸಿ.

ಪ್ರಶ್ನೆ ಕೇಳಿದವರು: ಪೆರ್ಲದ ಕೃಷಿಕ

ಇಬ್ಬರಿಗೂ ಕೃತಜ್ಞತೆಗಳು. ಅನುಬಂಧದಲ್ಲಿ ಡಿ1 ಒಂದು ಮಾತ್ರ ಇದೆ, ಅದು ಮೃತರ ತಮ್ಮನ ಹೇಳಿಕೆಗೆ ಸಂಬಂಧಿಸಿದ್ದು. ಮೇಲ್ಮನವಿ ಇತ್ಯರ್ಥವಾಗುವವರೆಗೆ ಸೋದರಮಾವನ ಮಗ ಕಣ್ಣೂರು ಸೆಂಟ್ರಲ್ ಜೈಲಿನಲ್ಲೇ ಇರಬೇಕೇ? ಎರ್ನಾಕುಳಂನ ದೊಡ್ಡ ವಕೀಲರ ಶುಲ್ಕ ಭರಿಸುವ ಶಕ್ತಿ ಆ ಮನೆಗೆ ಇಲ್ಲ.

ಉತ್ತರ: ವಕೀಲ, ವಿದ್ಯಾನಗರ

ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ನೀಡಲು ಅರ್ಜಿ ಹಾಕಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 389ನೇ ಕಲಂ, ಈಗಿನ ಸಂಹಿತೆಯ 430. ಕೊಲೆಯಲ್ಲಿ ಸರಕಾರಿ ವಕೀಲರಿಗೆ ಆಕ್ಷೇಪಣೆಯ ಅವಕಾಶ ಕೊಡಲೇಬೇಕು. ವಿಚಾರಣೆಗೆ ಮುಂಚೆ ಕೇಳುವ ಜಾಮೀನಿನಂತಲ್ಲ ಇದು: ಅಪರಾಧ ಸಾಬೀತಾದ ಮೇಲೆ ನಿರಪರಾಧಿಯೆಂಬ ಊಹೆಯ ಬೆಂಬಲ ಉಳಿದಿರುವುದಿಲ್ಲ. ಮೊದಲ ಅರ್ಜಿ ವಜಾ ಆದರೂ ಎದೆಗುಂದಬೇಕಾಗಿಲ್ಲ. ಮೇಲ್ಮನವಿಯನ್ನು ಸಮಂಜಸ ಕಾಲದಲ್ಲಿ ಕೇಳಲಾಗದಿದ್ದರೆ ವಿಶೇಷ ಕಾರಣಗಳಿಲ್ಲದೆ ಜಾಮೀನು ನಿರಾಕರಿಸಬಾರದೆಂದು 1977ರಲ್ಲೇ ಕಶ್ಮೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದ್ದರಿಂದ ಕಾಲ ಕಳೆದ ಮೇಲೆ ಮತ್ತೆ ಕೇಳಬಹುದು.

ಶುಲ್ಕದ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಂ ಪ್ರಕಾರ ಬಂಧನದಲ್ಲಿರುವವರಿಗೆ ಉಚಿತ ವಕೀಲರ ಹಕ್ಕಿದೆ. ಜೈಲಿನ ಅಧಿಕಾರಿಯ ಮೂಲಕವೇ ಮೇಲ್ಮನವಿ ಕಳುಹಿಸಲೂ ಬರುತ್ತದೆ. ಅವನು ಈಗಾಗಲೇ ಹಾಗೆ ಕಳುಹಿಸಿದ್ದಾನೆಯೇ ಎಂದು ಮೊದಲು ವಿಚಾರಿಸಿ, ಇಲ್ಲದಿದ್ದರೆ ಒಂದೇ ತೀರ್ಪಿನ ಮೇಲೆ ಎರಡು ಮೇಲ್ಮನವಿಗಳಾಗಿ ಗೊಂದಲವಾಗುತ್ತದೆ. ನೀವೇ ವಕೀಲರನ್ನು ಗೊತ್ತುಮಾಡುವುದಾದರೆ ವಕಾಲತ್ತಿಗೆ ಅವನ ಸಹಿಯನ್ನು ಜೈಲಿನಲ್ಲೇ ಪಡೆದು ಅಲ್ಲಿನ ಅಧಿಕಾರಿಯಿಂದ ದೃಢೀಕರಿಸಬೇಕು.

ಉತ್ತರ: ನಿವೃತ್ತ ಕೋರ್ಟು ನೌಕರ, ಕುಂಬಳೆ

ತೀರ್ಪಿನ ಪ್ರತಿ ಪಡೆಯುವ ಬಗೆಯನ್ನು ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಜೈಲುಶಿಕ್ಷೆಯಾದವನಿಗೆ ತೀರ್ಪು ಹೇಳಿದ ಕೂಡಲೇ ಒಂದು ಪ್ರತಿಯನ್ನು ಉಚಿತವಾಗಿ ಕೊಡಬೇಕು. ಅದಲ್ಲದೆ ಅಪರಾಧಿ ಅರ್ಜಿ ಸಲ್ಲಿಸಿದರೆ, ಸಾಧ್ಯವಿರುವಲ್ಲಿ ಅವನ ಸ್ವಂತ ಭಾಷೆಯ ಅನುವಾದವನ್ನೂ ಒದಗಿಸಬೇಕೆಂದು ಅದೇ ಕಲಮಿನಲ್ಲಿದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 363, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 404. ಕನ್ನಡಿಗರು ಇದನ್ನು ಕೇಳುವುದೇ ಅಪರೂಪ, ಕೇಳದೆ ಯಾರೂ ಕೊಡುವುದಿಲ್ಲ. ಅರ್ಜಿಯು ಅತ್ತೆಯವರ ಹೆಸರಿನಲ್ಲಲ್ಲ, ಅವನ ಹೆಸರಿನಲ್ಲೇ ಇರಲಿ. ಆದರೆ ಅನುವಾದಕ್ಕಾಗಿ ಕಾಯುತ್ತಾ ಮೇಲ್ಮನವಿಯನ್ನು ತಡಮಾಡಬೇಡಿ, ಎರ್ನಾಕುಳಂನಲ್ಲಿ ವ್ಯವಹಾರವೆಲ್ಲ ಇಂಗ್ಲಿಷಿನಲ್ಲೇ. ದೃಢೀಕೃತ ಪ್ರತಿಯ ಮೇಲೆ ಅರ್ಜಿ ಕೊಟ್ಟ ದಿನ, ಪ್ರತಿ ಸಿದ್ಧವಾದ ದಿನ ಮುಂತಾದವನ್ನು ನಮೂದಿಸಿದ ಮುದ್ರೆಯಿರುತ್ತದೆ. 60 ದಿನಗಳ ಲೆಕ್ಕಕ್ಕೆ ಆ ಮುದ್ರೆಯೇ ಆಧಾರ; ಅದು ಮಸುಕಾಗಿದ್ದರೆ ಕಚೇರಿ ಬಿಟ್ಟು ಹೊರಡುವ ಮುಂಚೆಯೇ ಮತ್ತೆ ಹಾಕಿಸಿಕೊಳ್ಳಿ.