ಅಪ್‌ಡೇಟ್: ‘ಅಪ್ಪಟ ಮರ’ದ ಆ ಬೀರು

ಹೋದ ತಿಂಗಳು ಕೇಳಿದ್ದೆನಲ್ಲ, 14,000 ರೂಪಾಯಿಗೆ ಅಪ್ಪಟ ಮರದ ಬೀರು ಅಂತಾರೆ, ನಂಬಬಹುದಾ ಅಂತ. ನೀವು ಹೇಳಿದ ಹಾಗೆ ಪಾಲಿಶ್ ಕಡೆ ನೋಡದೆ ನೇರ ಹಿಂಬದಿಗೆ ಹೋದೆ.

ಡ್ರಾಯರ್ ಪೂರ್ತಿ ಹೊರಗೆಳೆದು ತಿರುಗಿಸಿದೆ. ಸ್ಕ್ರೂ ತೂತಿನ ಬಾಯಿಗೆ ಉಗುರು ತಾಗಿಸಿದರೆ ರವೆ ಥರ ಪುಡಿ ಉದುರಿತು. ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರನ್ನು ಅಂಟು ಹಾಕಿ ಒತ್ತಿದ ಹಲಗೆ! ಮೇಲೆ ತೇಗದ ಚಿತ್ರದ ಲ್ಯಾಮಿನೇಟ್ ಹಾಳೆ ಅಂಟಿಸಿದ್ದಾರೆ, ಅಷ್ಟೇ. ಎರಡೂ ಬಾಗಿಲಲ್ಲಿ ಅದೇ ಗಂಟು, ಅದೇ ಜಾಗದಲ್ಲಿ. ಮರ ಹಾಗೆ ಬೆಳೆಯುತ್ತಾ? ಅಂಗಡಿಯವರು ‘ಎಷ್ಟು ಭಾರ ಇದೆ ನೋಡಿ ಸಾರ್’ ಅಂದರು. ಭಾರ ನೋಡಿ ಏನೂ ಹೇಳೋಕಾಗಲ್ಲ, ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ಕೂಡ ಭಾರವೇ.

ಬೀರು ಬಿಟ್ಟೆ. ಅಲ್ಲೇ ರಬ್ಬರ್ ಮರದ ಊಟದ ಮೇಜು ತಗೊಂಡೆ. ಹಲಗೆಯಲ್ಲಿ ಅಂಕುಡೊಂಕು ಗೆರೆ ಕಾಣುತ್ತೆ. ತುಂಡುಗಳನ್ನು ಜೋಡಿಸಿದ್ದು ನಿಜ, ಆದರೆ ಮರವೇ. ನೀರು ನಿಲ್ಲದ ಹಾಗೆ ನೋಡ್ಕೊಂಡರೆ ಆಯ್ತು.

ಬೀರನ್ನು ಬಡಗಿ ಹತ್ತಿರ ಪ್ಲೈವುಡ್‌ನಲ್ಲಿ ಮಾಡಿಸುತ್ತಿದ್ದೇನೆ. ಅದು ನಿಲ್ಲೋದು ಬಚ್ಚಲಿಗೆ ಅಂಟಿದ ಗೋಡೆಗೆ, ತೇವದ ಭಯ. ಅದಕ್ಕೇ ಐಎಸ್ 303 (ಸಾಮಾನ್ಯ ಬಳಕೆಯ ಪ್ಲೈವುಡ್‌ನ ಭಾರತೀಯ ಮಾನಕ) ಬೇಡ, ಐಎಸ್ 710 (ನೀರು ತಡೆಯುವ ಮರೀನ್ ಪ್ಲೈವುಡ್‌ನ ಮಾನಕ) ಮುದ್ರೆ ಇರೋದೇ ಹಾಕಿ ಅಂದೆ. ದುಡ್ಡು ಜಾಸ್ತಿನೇ ಆಗ್ತಿದೆ. ಹಿಂಬದಿ ಹಲಗೆಗೂ ಅದೇ ಬೇಕಾ, ಗೊತ್ತಿದ್ದವರು ಹೇಳಿ.