ಚಿಕ್ಕಪ್ಪನ ರಕ್ತಪರೀಕ್ಷೆಯ ವರದಿ ನೋಡಿದ ಮೇಲೆ

ಚಿಕ್ಕಪ್ಪ, ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಮನೆಗೆ ಬಂದೆ. ನೀವು ಗುಂಪಿನಲ್ಲಿ ಹಾಕಿದ ವರದಿಯನ್ನು ಬಸ್ಸಿನಲ್ಲೇ ಎರಡು ಸಲ ನೋಡಿದೆ. ರಕ್ತದ ಸಕ್ಕರೆ ಖಾಲಿ ಹೊಟ್ಟೆಯಲ್ಲಿ 168, ಊಟವಾಗಿ ಎರಡು ಗಂಟೆಗೆ 241, ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಎಚ್‌ಬಿಎ1ಸಿ 8.4. ಅದರ ಕೆಳಗೆ ನೀವು ಬರೆದಿದ್ದೀರಿ: ‘ಮೂರು ದಿನದಿಂದ ರಾತ್ರಿ ಊಟ ಬಿಟ್ಟಿದ್ದೇನೆ, ಕಾಫಿಗೆ ಸಕ್ಕರೆ ಹಾಕಿಲ್ಲ. ಸುಸ್ತಿಲ್ಲ, ಬಾಯಾರಿಕೆಯಿಲ್ಲ. ಏನೂ ತಿನ್ನದವನ ರಕ್ತದಲ್ಲಿ ಬೆಳಗಾಗುವಷ್ಟರಲ್ಲಿ ಸಕ್ಕರೆ ಎಲ್ಲಿಂದ ಬಂತು? ಲ್ಯಾಬಿನವರೇ ತಪ್ಪಿರಬೇಕು.’ ಆಮೇಲೆ ಅತ್ತೆ ಯಾವುದೋ ಹಾಗಲಕಾಯಿ ಪುಡಿಯ ಸಂದೇಶ ಕಳಿಸಿದ್ದಾರೆ, ಹಾಸನದ ದೊಡ್ಡಮ್ಮ ‘ಅನ್ನ ಬಿಟ್ಟು ಮುದ್ದೆ ಉಣ್ಣಿ, ಸರಿಹೋಗುತ್ತದೆ’ ಎಂದಿದ್ದಾರೆ. ಎಲ್ಲಕ್ಕೂ ಸೇರಿಸಿಯೇ ಹೇಳುತ್ತೇನೆ. ಉದ್ದವಾಗುತ್ತದೆ, ಕುಳಿತು ಕೇಳಿ.

ನಿಮ್ಮ ಪ್ರಶ್ನೆ ಒಳ್ಳೆಯ ಪ್ರಶ್ನೆ. ನಾವು ಉಣ್ಣಲಿ ಬಿಡಲಿ, ಮಿದುಳಿಗೆ ಗ್ಲುಕೋಸ್ ಬೇಕೇ ಬೇಕು. ಅದಕ್ಕಾಗಿ ನಮ್ಮೊಳಗೆ ಒಂದು ಕಣಜವಿದೆ, ಅದೇ ಲಿವರ್. ಉಂಡಾಗ ತುಂಬಿಕೊಳ್ಳುತ್ತದೆ, ಉಪವಾಸವಿದ್ದಾಗ ಅಳೆದು ಅಳೆದು ಹೊರಗೆ ಬಿಡುತ್ತದೆ. ಕಣಜದ ಬಾಯಿ ಎಷ್ಟು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಹೇಳುವುದು ಇನ್ಸುಲಿನ್. ನಿಮಗೆ ಬಂದಿರುವ ಎರಡನೇ ಬಗೆಯ ಮಧುಮೇಹದಲ್ಲಿ ಲಿವರ್ ಆ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ, ಸ್ನಾಯುಗಳೂ ಕೇಳಿಸಿಕೊಳ್ಳುವುದಿಲ್ಲ. ಮೇದೋಜೀರಕ ಗ್ರಂಥಿ ಇನ್ನಷ್ಟು ಮತ್ತಷ್ಟು ಇನ್ಸುಲಿನ್ ಸುರಿಸಿ ಕೆಲವು ವರ್ಷ ಹೇಗೋ ನಿಭಾಯಿಸುತ್ತದೆ, ಕೊನೆಗೆ ಅದೂ ದಣಿಯುತ್ತದೆ. ನೀವು ಬರಿಹೊಟ್ಟೆಯಲ್ಲಿ ಮಲಗಿದರೂ ಕಣಜ ರಾತ್ರಿಯಿಡೀ ಸೋರುತ್ತಲೇ ಇರುತ್ತದೆ. ಬೆಳಗಿನ ಜಾವ ದೇಹವನ್ನು ಎಬ್ಬಿಸುವ ಹಾರ್ಮೋನುಗಳು ಅದನ್ನು ಇನ್ನೂ ಅಗಲವಾಗಿ ತೆರೆಸುತ್ತವೆ. ಆ 168 ನೀವು ಉಂಡದ್ದಲ್ಲ ಚಿಕ್ಕಪ್ಪ, ನಿಮ್ಮ ಲಿವರ್ ಬಿಟ್ಟದ್ದು. ವೈದ್ಯರು ಬರೆದುಕೊಟ್ಟಿರುವ ಮೆಟ್‌ಫಾರ್ಮಿನ್ ಮಾತ್ರೆಯ ಮುಖ್ಯ ಕೆಲಸವೇ ಆ ಕಣಜದ ಬಾಯಿಯನ್ನು ಬಿಗಿ ಮಾಡುವುದು. ಬರೀ ಪಥ್ಯದಿಂದ ಅದನ್ನು ಮೂರು ದಿನದಲ್ಲಿ ಮಾಡಲಾಗುವುದಿಲ್ಲ.

ಲ್ಯಾಬಿನಲ್ಲಿ ತಪ್ಪಾಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಅದಕ್ಕಾಗಿಯೇ ಲಕ್ಷಣಗಳಿಲ್ಲದವರಿಗೆ ಒಂದೇ ಸಂಖ್ಯೆ ನೋಡಿ ಮಧುಮೇಹ ಎಂದು ಹಣೆಪಟ್ಟಿ ಹಚ್ಚುವುದಿಲ್ಲ, ಎರಡು ಸಾಕ್ಷಿ ಬೇಕು. ಖಾಲಿ ಹೊಟ್ಟೆಯ ಗೆರೆ 126, ಎಚ್‌ಬಿಎ1ಸಿಯ ಗೆರೆ 6.5. ಅಲ್ಲಿಗೆ ಮುಟ್ಟಿದರೆ ಮಧುಮೇಹ. ಒಂದೇ ದಿನ ಕೊಟ್ಟ ರಕ್ತದಲ್ಲಿ ನೀವು ಎರಡನ್ನೂ ದಾಟಿದ್ದೀರಿ. ಇನ್ನೊಂದು ಮಾತು. ಪರೀಕ್ಷೆಗೆ ಮುಂಚೆ ಮೂರು ದಿನ ಪಥ್ಯ ಮಾಡಿ ಹೋದರೆ ಎಚ್‌ಬಿಎ1ಸಿ ಬದಲಾಗುವುದಿಲ್ಲ. ಸಕ್ಕರೆ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ, ಕೆಂಪು ರಕ್ತಕಣ ಬದುಕಿರುವ ಸುಮಾರು 120 ದಿನವೂ ಅಂಟಿಕೊಂಡೇ ಇರುತ್ತದೆ. ಹಬ್ಬದ ಕಡುಬು, ಮದುವೆಮನೆಯ ಹೋಳಿಗೆ, ದಿನಕ್ಕೆ ನಾಲ್ಕು ಕಾಫಿ ಎಲ್ಲದರ ಲೆಕ್ಕ ಅದರಲ್ಲಿದೆ. 8.4 ಎಂದರೆ ಕಳೆದ ಎರಡು ಮೂರು ತಿಂಗಳಲ್ಲಿ ನಿಮ್ಮ ರಕ್ತದ ಸಕ್ಕರೆ ಸರಾಸರಿ 194ರ ಆಸುಪಾಸಿನಲ್ಲಿತ್ತು. ರಕ್ತಹೀನತೆ ಇರುವವರಲ್ಲಿ ಈ ಸಂಖ್ಯೆ ದಾರಿ ತಪ್ಪಿಸಬಹುದು, ಹಾಗಾಗಿ ನಿಮ್ಮ ಹಿಮೋಗ್ಲೋಬಿನ್ ಕೂಡ ನೋಡಿದೆ. 14 ಇದೆ, ಚೆನ್ನಾಗಿದೆ.

ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಇವೆಲ್ಲ ಸಾಮಾನ್ಯವಾಗಿ ಸಕ್ಕರೆ 180 ದಾಟಿ ಮೂತ್ರಕ್ಕೆ ಹರಿಯತೊಡಗಿದ ಮೇಲೆ ಬರುವ ಲಕ್ಷಣಗಳು. ಅದಕ್ಕಿಂತ ಕೆಳಗೆ, ಕೆಲವರಲ್ಲಿ ಅದನ್ನು ಸ್ವಲ್ಪ ದಾಟಿದರೂ, ದೇಹ ಸುಮ್ಮನೆ ಸಹಿಸಿಕೊಂಡಿರುತ್ತದೆ. ನನಗೆ ಭಯವಿರುವುದು ಆ ಮೌನದ ಬಗ್ಗೆಯೇ.

ಅಪ್ಪನ ಕಾಲಿನ ವಿಷಯ ನಿಮಗೆಲ್ಲ ಗೊತ್ತು. ಆದರೆ ಅದು ಶುರುವಾದದ್ದು ಹೇಗೆಂದು ಅಪ್ಪ ಯಾರಿಗೂ ಹೇಳಲು ಬಿಟ್ಟಿರಲಿಲ್ಲ. ಈಗ ಹೇಳುತ್ತೇನೆ. ಸೋಮವಾರದ ಸಂತೆಗೆ ಹೋಗಿ ಬಂದು ಜಗುಲಿಯ ಮೇಲೆ ಕುಳಿತಿದ್ದರು. ಅಮ್ಮ ನೀರು ಕೊಡಲು ಹೋದಾಗ ಕೆಂಪು ಗಾರೆ ನೆಲದ ಮೇಲೆ ಹೆಜ್ಜೆ ಹೆಜ್ಜೆಗೂ ರಕ್ತದ ಗುರುತು. ಹಳೆಯ ಚರ್ಮದ ಚಪ್ಪಲಿಯ ಮೊಳೆ ಮೇಲೆದ್ದು ಹೆಬ್ಬೆರಳಿನ ಬುಡಕ್ಕೆ ಇಳಿದಿತ್ತು. ಅದನ್ನು ತುಳಿಯುತ್ತಲೇ ಸಂತೆಯೆಲ್ಲ ತಿರುಗಿ, ಬಸ್ ನಿಲ್ದಾಣದಿಂದ ಮನೆಯವರೆಗೆ ನಡೆದು ಬಂದಿದ್ದರು. ನೋವೇ ಆಗಿರಲಿಲ್ಲ! ‘ಏನಾಯಿತು?’ ಎಂದು ಅಮ್ಮ ಕೇಳಿದರೆ ‘ಯಾರಿಗೆ?’ ಎಂದು ಕೇಳಿದರಂತೆ. ಏರಿದ ಸಕ್ಕರೆ ನರಗಳನ್ನೂ ನರಗಳಿಗೆ ರಕ್ತ ತರುವ ಸೂಕ್ಷ್ಮ ನಾಳಗಳನ್ನೂ ವರ್ಷಗಟ್ಟಲೆ ಸವೆಸುತ್ತದೆ. ಎಲ್ಲಕ್ಕಿಂತ ಉದ್ದದ ನರಗಳು ಪಾದಕ್ಕೆ ಹೋಗುವವು, ಆದ್ದರಿಂದ ಅವೇ ಮೊದಲು ಮರಗಟ್ಟುತ್ತವೆ. ಅರಿಶಿನ ಹಚ್ಚಿ ಬಟ್ಟೆ ಕಟ್ಟಿ ಹನ್ನೊಂದು ದಿನ ತಳ್ಳಿದರು, ನನಗೆ ಫೋನ್ ಮಾಡಲಿಲ್ಲ. ನಾನು ನೋಡುವಾಗ ಬೆರಳು ಕಪ್ಪಾಗಿತ್ತು. ವಾರ್ಡಿನಲ್ಲಿ ದಿನವೂ ಊರವರ ಕಾಲಿಗೆ ಡ್ರೆಸ್ಸಿಂಗ್ ಮಾಡುವ ಕೈಯಿಂದಲೇ ಅಪ್ಪನ ಕಾಲಿನ ಬಟ್ಟೆ ಬಿಚ್ಚಿದೆ. ಹೆಬ್ಬೆರಳು ಹೋಯಿತು, ಪಾದ ಉಳಿಯಿತು. ಆ ಗಾಯಕ್ಕೆ ಐದು ವರ್ಷ ಮುಂಚೆ ಅಪ್ಪನ ಖಾಲಿ ಹೊಟ್ಟೆಯ ಸಕ್ಕರೆ 160 ಇತ್ತು. ಅವರೂ ‘ನನಗೇನೂ ಆಗಿಲ್ಲ’ ಎಂದೇ ಹೇಳಿದ್ದರು.

ಕಣ್ಣಿನ ಒಳಪದರದ ನಾಳಗಳಿಗೂ ಕಿಡ್ನಿಗೂ ಹೀಗೆಯೇ ಸದ್ದಿಲ್ಲದೆ ಹಾನಿಯಾಗುತ್ತದೆ. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಏರುತ್ತದೆ. ಆದ್ದರಿಂದ ಈ ತಿಂಗಳೇ ಕಣ್ಣಿಗೆ ಹನಿ ಹಾಕಿ ಒಳಗೆ ನೋಡಿಸಬೇಕು, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂದು ಪರೀಕ್ಷಿಸಬೇಕು, ಬಿಪಿ ಮತ್ತು ಕೊಲೆಸ್ಟರಾಲ್ ನೋಡಬೇಕು. ಆಮೇಲೆ ವರ್ಷಕ್ಕೊಮ್ಮೆಯಾದರೂ ತಪ್ಪದೆ.

ಈಗ ಆರಂಭಿಸಿದರೆ ಲಾಭವಿದೆಯೇ ಎಂದರೆ, ಖಂಡಿತ ಇದೆ. ಬ್ರಿಟನ್ನಿನಲ್ಲಿ ಹೊಸದಾಗಿ ಮಧುಮೇಹ ಪತ್ತೆಯಾದ ಐದು ಸಾವಿರಕ್ಕೂ ಹೆಚ್ಚು ಜನರನ್ನು 1977ರಿಂದ ವರ್ಷಗಟ್ಟಲೆ ಗಮನಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟವರಲ್ಲಿ ಕಣ್ಣು, ಕಿಡ್ನಿಯಂಥ ಸೂಕ್ಷ್ಮ ನಾಳಗಳ ತೊಂದರೆ ಕಾಲು ಭಾಗ ಕಡಿಮೆಯಾಗಿತ್ತು. ಅದಾಗಿ ಹತ್ತು ವರ್ಷದ ಮೇಲೆ ಮತ್ತೆ ನೋಡಿದಾಗ ಎರಡೂ ಗುಂಪಿನವರ ಸಕ್ಕರೆ ಒಂದೇ ಮಟ್ಟಕ್ಕೆ ಬಂದಿದ್ದರೂ, ಮೊದಲಲ್ಲಿ ಚೆನ್ನಾಗಿ ಹತೋಟಿಯಲ್ಲಿಟ್ಟವರಿಗೆ ಅದರ ಫಲ ಇನ್ನೂ ಸಿಗುತ್ತಿತ್ತು. ಮೊದಲ ವರ್ಷಗಳು ಅಷ್ಟು ಬೆಲೆಯುಳ್ಳವು.

ದೊಡ್ಡಮ್ಮ, ರಾಗಿ ಒಳ್ಳೆಯದೇ. ಸುಣ್ಣದಂಶವಿದೆ, ನಾರಿದೆ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಅಕ್ಕಿಯಲ್ಲಿ 78ರ ಹತ್ತಿರ. ವ್ಯತ್ಯಾಸ ಇಷ್ಟೇ. ‘ರಾಗಿ ತಾನೇ’ ಎಂದು ಎರಡು ದೊಡ್ಡ ಮುದ್ದೆ ನುಂಗಿದರೆ, ನುಣ್ಣಗೆ ಬೀಸಿದ ಹಿಟ್ಟಿನ ಅಂಬಲಿಯನ್ನು ಲೋಟಗಟ್ಟಲೆ ಕುಡಿದರೆ ಸಕ್ಕರೆ ಏರಿಯೇ ಏರುತ್ತದೆ. ಚಿಕ್ಕಮ್ಮ, ನೀವು ತಟ್ಟೆಯ ಲೆಕ್ಕ ಬದಲಿಸಿ. ಅರ್ಧ ತಟ್ಟೆ ಪಲ್ಯ, ಸೊಪ್ಪು, ಕೋಸಂಬರಿ; ಕಾಲು ಭಾಗ ಕಾಳು, ಬೇಳೆ, ಮೀನು ಅಥವಾ ಮೊಟ್ಟೆ; ಉಳಿದ ಕಾಲು ಭಾಗದಲ್ಲಿ ಅನ್ನವೋ ಮುದ್ದೆಯೋ ಒಂದು ಮಾತ್ರ. ಬೆಲ್ಲದ ಕಾಫಿಯೂ ಬೇಡ. ಬೆಲ್ಲದಲ್ಲಿರುವುದೂ ಬಹುಪಾಲು ಅದೇ ಸಕ್ಕರೆ. ಊಟವಾದ ಮೇಲೆ ತೋಟದ ತುದಿಯವರೆಗೆ ಹೋಗಿ ಬನ್ನಿ, ಇಬ್ಬರೂ.

ಅತ್ತೆ, ಆ ಪುಡಿಯ ಸಂದೇಶವನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ. ಹಾಗಲಕಾಯಿಯನ್ನು ಪಲ್ಯ ಮಾಡಿ ತಿನ್ನಲಿ, ನನ್ನ ತಕರಾರಿಲ್ಲ. ಆದರೆ ‘ಮಾತ್ರೆ ನಿಲ್ಲಿಸಿ ಇದನ್ನು ಕುಡಿಯಿರಿ’ ಎಂಬ ಒಂದು ಸಾಲು ನಂಬಿ ಸಕ್ಕರೆ 500 ದಾಟಿ, ಎಚ್ಚರತಪ್ಪಿ ಸ್ಟ್ರೆಚರಿನಲ್ಲಿ ಬಂದವರನ್ನು ನಾನು ನೋಡಿದ್ದೇನೆ.

ಚಿಕ್ಕಪ್ಪ, ರಾತ್ರಿ ಊಟ ಬಿಡುವುದನ್ನು ಇವತ್ತೇ ನಿಲ್ಲಿಸಿ. ನಿಮ್ಮ ಚೀಟಿಯಲ್ಲಿ ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ ಕೂಡ ಇದೆ. ಅದು ಮೇದೋಜೀರಕದಿಂದ ಇನ್ಸುಲಿನ್ ಹಿಂಡಿ ತೆಗೆಯುವ ಔಷಧಿ, ನೀವು ಉಂಡಿದ್ದೀರೋ ಇಲ್ಲವೋ ಅದು ಕೇಳುವುದಿಲ್ಲ. ಮಾತ್ರೆ ನುಂಗಿ ಉಪವಾಸವಿದ್ದರೆ ಸಕ್ಕರೆ ಕುಸಿಯುತ್ತದೆ. ಕೈ ನಡುಗಿ, ಬೆವರು ಬಂದು, ಎದೆ ಹೊಡೆದುಕೊಂಡರೆ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆಯಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ, 15 ನಿಮಿಷದ ಮೇಲೆ ಮತ್ತೆ ನೋಡಿ. ಮೀಟರ್ ಕೈಗೆ ಸಿಗದಿದ್ದರೆ ಕಾಯಬೇಡಿ, ಮೊದಲು ಸಕ್ಕರೆ. ಮೆಟ್‌ಫಾರ್ಮಿನ್ ಊಟದ ಜೊತೆ ತೆಗೆದುಕೊಳ್ಳಿ. ಮೊದಲ ವಾರ ಹೊಟ್ಟೆ ಸ್ವಲ್ಪ ಕೆಡಬಹುದು, ಅದಕ್ಕೆ ಹೆದರಿ ಬಿಡಬೇಡಿ, ವೈದ್ಯರಿಗೆ ಹೇಳಿದರೆ ಪ್ರಮಾಣ ಹೊಂದಿಸುತ್ತಾರೆ.

ಚಿಕ್ಕಮ್ಮ ನನಗೆ ಬೇರೆಯಾಗಿ ಕೇಳಿದ್ದರು, ‘ಮುಂದೆ ಸೂಜಿಗೆ ಬಂದು ನಿಂತರೆ ಏನು ಗತಿ?’ ಎಂದು. ಎಲ್ಲರಿಗೂ ಬರುವುದಿಲ್ಲ, ಬಂದರೆ ಅದು ಶಿಕ್ಷೆಯೂ ಅಲ್ಲ. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಸಾಯುವ ಸ್ಥಿತಿಯಲ್ಲಿದ್ದ 14 ವರ್ಷದ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಆ ಹುಡುಗ ಅದರ ಮೇಲೆ ಹದಿಮೂರು ವರ್ಷ ಬದುಕಿದ. ಅಪ್ಪನ ಗಾಯ ಮಾಗಿದ್ದೂ ಇನ್ಸುಲಿನ್ ಕೊಟ್ಟು ಸಕ್ಕರೆ ಇಳಿಸಿದ ಮೇಲೆಯೇ.

ಗುಂಪಿನಲ್ಲಿರುವ ಉಳಿದವರೂ ಕೇಳಿ. ಒಂದೇ ಮನೆಯ ರಕ್ತ ನಮ್ಮದು. ಮೂವತ್ತು ದಾಟಿದವರೆಲ್ಲ ನಿಮ್ಮ ಹತ್ತಿರದ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಸಕ್ಕರೆ, ಬಿಪಿ ನೋಡಿಸಿಕೊಳ್ಳಿ. ಸಣ್ಣಗಿದ್ದೇವೆ ಎಂದು ಸುಮ್ಮನಿರಬೇಡಿ, ನಮ್ಮವರಲ್ಲಿ ತೆಳ್ಳಗಿದ್ದು ಹೊಟ್ಟೆ ಮಾತ್ರ ಬಂದವರಿಗೂ ಇದು ಬರುತ್ತದೆ.

ಚಿಕ್ಕಪ್ಪ, ಶನಿವಾರ ನನಗೆ ರಜೆ, ಮಧ್ಯಾಹ್ನದ ಬಸ್ಸಿಗೆ ತೀರ್ಥಹಳ್ಳಿಗೆ ಬರುತ್ತೇನೆ. ಪಾದದ ಸ್ಪರ್ಶ ನೋಡುವ ನೈಲಾನ್ ಎಳೆಯನ್ನೂ ತರುತ್ತೇನೆ. ತೋಟಕ್ಕೆ ಹಾಕುವುದು, ಪೇಟೆಗೆ ಹಾಕುವುದು, ಬಚ್ಚಲಿನ ಹತ್ತಿರ ಬಿಟ್ಟಿರುವುದು, ನಿಮ್ಮ ಚಪ್ಪಲಿಗಳನ್ನೆಲ್ಲ ಜಗುಲಿಯ ಮೇಲೆ ತೆಗೆದಿಟ್ಟಿರಿ. ಒಂದೊಂದಕ್ಕೂ ಕೈಹಾಕಿ ಒಳಗೆ ಸವರಿ ನೋಡುತ್ತೇನೆ.